ಸತ್ತವನು ನಕ್ಕ ಕೊನೆಯ ಕಂತು

ಹೊಡೆದಾಟದ ದೃಶ್ಯ ಬರೆಯುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಹೊಡೆಯುವವನೊಬ್ಬ ಇರಬೇಕು, ಹೊಡೆಸಿಕೊಳ್ಳುವವನೊಬ್ಬ ಇರಬೇಕು. ಹೊಡೆಸಿಕೊಳ್ಳುವವನು ನನಗೆ ಸಿಕ್ಕಿದ್ದ. ಹೊಡೆಯಬೇಕಾದವನು ಮಾತ್ರ ಕೈ ಎತ್ತುವ ಹಾಗಿರಲಿಲ್ಲ. ಯಾಕೆಂದರೆ ಅವನ ಹೆಂಡತಿ ಬಸುರಿ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಕೇಳಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದೆ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ತುಮಕೂರಿನಲ್ಲಿ ಕೇಬಲ್ ಎಳೆದವರೆಲ್ಲ ಸ್ವಂತಕ್ಕೊಂದು ಚಾನೆಲ್ ಇಟ್ಟುಕೊಂಡು ಮೆರೆಯುತ್ತಿದ್ದ ಕಾಲ. ಬೆಳಿಗ್ಗೆ ದೇವರ ಪದ, ಮಧ್ಯಾಹ್ನ ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೊ, ಸಂಜೆ ಸವೆದುಹೋದ ಕ್ಯಾಸೆಟ್ಟಿನ ಸಿನಿಮಾ. ಬಟವಾಡಿಯಲ್ಲಿ ನಮ್ಮ ಬೀದಿಯಲ್ಲೇ ಇದ್ದ ಕೇಬಲ್ ಮಾಲೀಕನಿಗೆ ಇಷ್ಟು ಸಾಲದಾಯಿತು. ಮಕ್ಕಳೆಲ್ಲ ಹಿಂದಿ ಚಾನೆಲ್ಲುಗಳಲ್ಲಿ ಹಾರಾಡುವ ವೀರರನ್ನು ನೋಡುತ್ತ ಕೂತಿವೆ, ನಾವೂ ಒಬ್ಬನನ್ನು ಹಾರಿಸೋಣ ಎಂದು ಹೊರಟ. ಅಸಲು ಕಾರಣ ಬೇರೆಯೇ ಇತ್ತು. ಅವನ ತಂಗಿಯ ಗಂಡನಿಗೆ ಕೆಲಸವಿರಲಿಲ್ಲ, ಆದರೆ ತಲೆಗೂದಲು ಚೆನ್ನಾಗಿತ್ತು. ಇಂಥವರನ್ನು ಹೀರೋ ಮಾಡದೆ ಇನ್ನೇನು ಮಾಡುತ್ತಾರೆ?

ನಾನು ಆಗ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಉಳಿದ ಹೊತ್ತಿನಲ್ಲಿ ವಾರಪತ್ರಿಕೆಗಳಿಗೆ ಪತ್ತೇದಾರಿ ಕಥೆ ಬರೆಯುತ್ತಿದ್ದೆ. ಒಂದು ದಿನ ಮಾಲೀಕ ಮನೆಗೇ ಬಂದ.

"ರೈಟ್ರೇ, ಕೊಲೆ ಗಿಲೆ ಎಲ್ಲಾ ಚೆನ್ನಾಗ್ ಬರೀತೀರಂತೆ. ನಮ್ ಸೀರಿಯಲ್‌ಗೆ ಒಸಿ ಫೈಟ್ ಬರ್ಕೊಡಿ. ಮಾತೆಲ್ಲ ನಾನೇ ಬರ್ಕೊತೀನಿ."

ಮಾತು ಅವನೇ ಬರೆದುಕೊಂಡ ಎಂಬುದು ಸೀರಿಯಲ್ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಅದರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಈ ವಯಸ್ಸಿನಲ್ಲಿ ನನಗೆ ಆ ನಾಚಿಕೆ ಬೇಡ.

ಹೀರೋನ ಉಡುಪನ್ನು ಲಂಗಕ್ಕೆ ಹಾಕುವ ಸ್ಯಾಟಿನ್ ಬಟ್ಟೆಯಲ್ಲಿ ಹೊಲಿಸಿದ್ದರು. ಅವನು ಹಾರುವ ದೃಶ್ಯಕ್ಕೆ ನೀಲಿ ಬೆಡ್‌ಶೀಟಿನ ಮುಂದೆ ಒಂದು ಮೇಜು ಹಾಕಿ, ಅದರ ಮೇಲೆ ಅವನನ್ನು ಬೋರಲು ಮಲಗಿಸಿ, ಎದುರಿಗೆ ಟೇಬಲ್ ಫ್ಯಾನ್ ಇಡುತ್ತಿದ್ದರು. ಬೆಡ್‌ಶೀಟಿನ ಅಂಚಿನಲ್ಲೊಂದು ನವಿಲಿನ ಚಿತ್ರವಿತ್ತು. ಕಂತು ಕಂತಿನಲ್ಲೂ ನಮ್ಮ ವೀರನ ಜೊತೆ ಅದೂ ಹಾರುತ್ತಿತ್ತು. ಯಾರೊಬ್ಬರೂ ಅದನ್ನು ಮಡಚಿ ಹಿಂದಕ್ಕೆ ಸಿಕ್ಕಿಸುವ ಗೋಜಿಗೆ ಹೋಗಲಿಲ್ಲ. ನಾನು ಹೇಳಿದರೆ, "ನವಿಲು ಶುಭ ಅಲ್ವಾ ಸಾರ್" ಎಂದ ಕ್ಯಾಮೆರಾ ಹಿಡಿಯುವ ಭಾಯ್. ಅವನು ಮದುವೆ ವಿಡಿಯೋ ತೆಗೆಯುವವನು. ಶೂಟಿಂಗೂ ಅವನದೇ, ಎಡಿಟಿಂಗೂ ಅವನದೇ. ಮದುವೆ ಇಲ್ಲದ ತಿಂಗಳುಗಳಲ್ಲಿ ನಮ್ಮ ಪಾಲಿಗೆ ಬಂದು ವಕ್ಕರಿಸಿದ್ದ.

ಇನ್ನು ಖಳನಾಯಕ. ಗುಬ್ಬಿಯ ಒಬ್ಬ ಮುದುಕ. ಹಿಂದೆ ನಾಟಕ ಕಂಪನಿಗಳಲ್ಲಿ ರಾಕ್ಷಸರ ಪಾತ್ರ ಮಾಡುತ್ತಿದ್ದವನು, ಕಂಪನಿಗಳು ಮುಚ್ಚಿದ ಮೇಲೂ ಜಂಬ ಬಿಡದವನು. ಮೀಸೆಗೆ ತಾನೇ ಕಪ್ಪು ಬಳಿದುಕೊಂಡು, ಬಣ್ಣದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಯಾರೋ ಆರತಿ ಎತ್ತಲು ಕಾದಿದ್ದಾರೆ ಎನ್ನುವ ಹಾಗೆ ಬಸ್ಸಿನಿಂದ ಇಳಿಯುತ್ತಿದ್ದ. ಎದುರಿಗಿರುವುದು ಕ್ಯಾಮೆರಾ ಎನ್ನುವುದು ಅವನ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಡೇರೆಯ ಹಿಂದಿನ ಸಾಲಿನ ನೆಲದ ಟಿಕೆಟ್ಟಿನವರಿಗೆ ಕೇಳಲಿ ಎಂಬಂತೆ ಅರಚುತ್ತಿದ್ದ. ಭಾಯ್ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಎಲ್ಲರೂ ಮುದುಕನನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಸೀರಿಯಲ್ ಕೊನೆಯ ಕಂತಿಗೆ ಬಂತು. ಅಂತಿಮ ಯುದ್ಧ, ಖಳನ ಸಾವು. ನಾನು ಪ್ರೆಸ್ಸಿಗೆ ರಜೆ ಹಾಕಿ ಕೂತು, ಮೈಮೇಲೆ ಬಂದವನ ಹಾಗೆ ಬರೆದೆ. ಹೀರೋ ಗುದ್ದುತ್ತಾನೆ, ಕಂಬ ಮುರಿಯುತ್ತದೆ, ಟ್ಯೂಬ್‌ಲೈಟ್ ಒಡೆಯುತ್ತದೆ, ಖಳ ಎದ್ದು ಬಿದ್ದು ಎದ್ದು ಸಾಯುತ್ತಾನೆ. ಅದನ್ನು ಮಾಲೀಕನ ಮನೆಯಲ್ಲಿ ಓದಿ ಹೇಳುತ್ತಿದ್ದಾಗ, ಗೋಡೆಗೊರಗಿ ಎಲೆ ಅಡಿಕೆ ಹಾಕುತ್ತಿದ್ದ ಅವನ ತಾಯಿ ಬಾಯಿ ತೆಗೆದರು. ಕುಣಿಗಲ್ ಕಡೆಯ ಹೆಂಗಸು, ಗಂಟಲು ಅಂದರೆ ಗಂಟಲು.

"ಏನ್ಲಾ, ಬುದ್ಧಿ ಗಿದ್ಧಿ ಐತೇನ್ಲಾ ನಿಂಗೆ? ತಂಗಿ ಬಸುರಿ ಅವ್ಳೆ. ಅಳಿಯಂದ್ರು ಒಂದ್ ತೆಂಗಿನಕಾಯ್ ಸೈತ ಒಡೀಬಾರ್ದು ಅಂತ ನಾನು ಕಾಯ್ಕೊಂಡ್ ಕೂತಿದ್ರೆ, ನೀವು ಅವ್ರ ಕೈಲಿ ಮನ್ಸನ್ನೇ ಕೊಲ್ಲುಸ್ತಾ ಇದೀರಾ?"

ಮಾಲೀಕ ನನ್ನ ಮುಖ ನೋಡಿದ. ನಾನು, "ಅಮ್ಮಾ, ಇದು ನಿಜವಾದ ಕೊಲೆಯಲ್ಲ, ಸೀರಿಯಲ್ಲು" ಎಂದೆ.

"ಹೊಟ್ಟೇಲಿರೋ ಕೂಸಿಗೆ ಸೀರಿಯಲ್ಲು ಅಂತ ನೀವ್ ಹೋಗಿ ಹೇಳ್ತೀರೇನಪ್ಪಾ?"

ಬಸುರಿಯ ಗಂಡ ಕಾಯಿ ಒಡೆಯಬಾರದು, ಜೀವ ತೆಗೆಯಬಾರದು, ಹೆಣ ನೋಡಬಾರದು ಎಂದು ನಮ್ಮ ಕಡೆ ಹೇಳುತ್ತಾರೆ, ಸರಿ. ಲಂಗದ ಬಟ್ಟೆ ತೊಟ್ಟ ವೀರನಿಗೂ ಅದು ಅನ್ವಯ ಎಂದು ನನಗೆ ಹೊಳೆದಿರಲಿಲ್ಲ. ಹೀರೋ ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಅತ್ತೆಯ ಮಾತಿಗೆ ತಲೆಯಾಡಿಸಿದ. ಗುದ್ದಾಟ ತಪ್ಪಿತಲ್ಲ ಎಂಬ ಖುಷಿ ಅವನಿಗೆ.

ಎರಡನೆಯ ಸಲ, ಖಳ ಓಡುವಾಗ ಮಹಡಿಯಿಂದ ಕಾಲು ಜಾರಿ ಬೀಳುತ್ತಾನೆ ಎಂದು ಬರೆದೆ. "ಅಟ್ಟಿಸ್ಕೊಂಡು ಹೋಗಿ ಬೀಳ್ಸಿದ್ರೂ ಕೊಂದಂಗೇ" ಎಂದರು ಆಕೆ. ಮತ್ತೊಂದು ಸಲ ಖಳನ ಯಂತ್ರವೇ ಸಿಡಿದು ಅವನು ಸಾಯುವ ಹಾಗೆ ಮಾಡಿದೆ. ಅದಕ್ಕೆ ಒಪ್ಪಿದಂತೆ ಮಾಡಿ, "ಆದ್ರೆ ಅಳಿಯಂದ್ರು ಅಲ್ಲಿ ನಿಂತ್ಕೊಂಡು ಹೆಣ ನೋಡಂಗಿಲ್ಲ" ಎಂದರು. ಹೀರೋ ಇಲ್ಲದ ಅಂತಿಮ ಯುದ್ಧ! ನನ್ನ ತಲೆ ಕೆಟ್ಟು ಕೆರ ಹಿಡಿದುಹೋಯಿತು. ಮಾಲೀಕನೇ ಕೊನೆಗೊಂದು ಉಪಾಯ ಹೇಳಿದ. "ಸಾಯೋದೇ ಬ್ಯಾಡ ಬುಡಿ ರೈಟ್ರೇ. ವಿಲನ್ನು ತಪ್ಪಾಯ್ತು ಅಂತ ಹೀರೋ ಕಾಲಿಗ್ ಬಿದ್ಬುಡ್ಲಿ. ಫ್ಯಾಮಿಲಿ ಆಡಿಯನ್ಸು ಖುಷಿ ಪಡ್ತಾರೆ."

ಹಾಳಾಗಿ ಹೋಗಲಿ ಎಂದು ನಾನೂ ಹೂಂ ಅಂದುಬಿಟ್ಟೆ.

ಮಾರನೆಯ ದಿನವೇ ಮುದುಕ ನಮ್ಮ ಮನೆಗೆ ಬಂದ. ಬಣ್ಣದ ಡಬ್ಬಿ ಇರಲಿಲ್ಲ, ಮೀಸೆಯ ಬಿಳಿ ಬೇರು ಕಾಣುತ್ತಿತ್ತು. ಕೂರಿ ಎಂದರೂ ಕೂರಲಿಲ್ಲ.

"ಸಾಮಿ, ಆ ಹುಡ್ಗನ ಕಾಲಿಗೆ ಬೇಕಾದ್ರೆ ಬೀಳ್ತೀನಿ, ಅದುಕ್ಕೇನಂತೆ. ಆದ್ರೆ ಆಮ್ಯಾಕೆ ಸಾಯಕ್ಕೆ ಬುಡಿ."

"ಸತ್ತರೆಷ್ಟು, ಬಿಟ್ಟರೆಷ್ಟು ಯಜಮಾನ್ರೇ. ಈ ದರಿದ್ರ ಸೀರಿಯಲ್ಲಿನಲ್ಲಿ ಸತ್ತು ನಿಮಗೇನಾಗಬೇಕು?"

ಆಗ ಹೇಳಿದ. ಅವನು ಸಾಯುವುದನ್ನು ನೋಡಲು ಒಂದು ಕಾಲದಲ್ಲಿ ನಿಟ್ಟೂರಿನಿಂದ, ಕುಣಿಗಲ್ಲಿನಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಇದು ಜಂಬ, ನಾನು ನಂಬಲಿಲ್ಲ. ಆಮೇಲೆ ಹೇಳಿದ್ದನ್ನು ನಂಬಿದೆ, ಯಾಕೆಂದರೆ ಅದನ್ನು ಅವನು ಅರಚದೆ ಹೇಳಿದ. ಅವನ ಹೆಂಡತಿ ಮಾತ್ರ ಅವನು ಸಾಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಅತ್ತೆ ಹೇಳಿಕೊಟ್ಟಿದ್ದರಂತೆ, ನಾಟಕದಲ್ಲೇ ಆಗಲಿ, ಗಂಡ ಹೆಣವಾಗಿ ಬೀಳುವುದನ್ನು ಮುತ್ತೈದೆ ಕಣ್ಣಿಂದ ನೋಡಬಾರದು ಎಂದು. ಪ್ರತಿ ನಾಟಕದಲ್ಲೂ ಕೊನೆಯ ದೃಶ್ಯ ಶುರುವಾಗುವಾಗ ತಾಳಿಯನ್ನು ಕಣ್ಣಿಗೊತ್ತಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಅನ್ನ ಬಡಿಸುವಾಗ, "ಮುಗೀತಾ?" ಎಂದಷ್ಟೇ ಕೇಳುತ್ತಿದ್ದಳು.

"ಊರೋರೆಲ್ಲಾ ನೋಡವ್ರೆ. ಅವ್ಳೊಬ್ಳು ನೋಡಿಲ್ಲ. ಟೀವಿಲಾದ್ರೆ ಏನು ಅಂದ್ರೆ ಸಾಮಿ, ನಾನು ಅಲ್ಲಿ ಸಾಯ್ತಾ ಇರ್ತೀನಿ, ಇಲ್ಲಿ ಅವಳ ಪಕ್ಕದಲ್ಲೇ ಕುಂತಿರ್ತೀನಿ. ಆಗ ನೋಡ್ತಾಳೆ ಅನ್ಕಂಡಿವ್ನಿ. ಇನ್ನೆಲ್ಲಿ ಸಿಗ್ತದೆ ನಂಗೆ ಇಂತಾದ್ದು?"

ಎಷ್ಟೋ ಜನ ತಮ್ಮ ಹೆಸರು ದಪ್ಪ ಅಕ್ಷರದಲ್ಲಿ ಬರಲಿ ಎಂದು ಪ್ರೆಸ್ಸಿನಲ್ಲಿ ನನ್ನ ಹತ್ತಿರ ಹಲ್ಲು ಗಿಂಜಿದ್ದಾರೆ. ಸಾಯಲು ಬಿಡಿ ಎಂದು ಕೇಳಿಕೊಂಡವನು ಇವನೊಬ್ಬನೇ. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಎಲೆ ಅಡಿಕೆ ಜಗಿಯುತ್ತ ಇಡೀ ಅಂತಿಮ ಯುದ್ಧವನ್ನು ಉಗುಳಿ ಹಾಕಿದ ಆ ಅತ್ತೆಯ ಮೇಲೆ. ಆವತ್ತೇ ಕೂತು ದೃಶ್ಯವನ್ನು ಹೊಸದಾಗಿ ಬರೆದೆ. ಹೀರೋ ಕಣ್ಣು ಮುಚ್ಚಿ, ಕೈ ಕಟ್ಟಿ, ಖಳನಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಅವನ ಬೆನ್ನಿನಿಂದ ಶಕ್ತಿ ಹೊರಡುತ್ತದೆ. ಖಳ ಆ ಶಕ್ತಿಗೆ ಸಿಕ್ಕಿ ಒಬ್ಬನೇ ಹೊಡೆಸಿಕೊಂಡು, ಒಬ್ಬನೇ ಬಿದ್ದು, ಒಬ್ಬನೇ ಸಾಯುತ್ತಾನೆ. ಹೀರೋ ಹೊಡೆಯಲಿಲ್ಲ, ಒಡೆಯಲಿಲ್ಲ, ಹೆಣವನ್ನೂ ನೋಡಲಿಲ್ಲ. ಬೆನ್ನಿನಿಂದ ಶಕ್ತಿಯಂತೆ! ಬರೆಯುವಾಗ ನನಗೇ ಥೂ ಅನಿಸಿತು. ಆದರೆ ಆಕೆ ಕೇಳಿ, ಸ್ವಲ್ಪ ಹೊತ್ತು ಜಗಿದು, "ಹಂಗಾದ್ರೆ ಪರ್ವಾಗಿಲ್ಲ. ಸಾಯ್ಲಿ" ಎಂದು ಅಪ್ಪಣೆ ಕೊಟ್ಟರು.

ಶೂಟಿಂಗ್ ನಡೆದದ್ದು ಹಿರೇಹಳ್ಳಿಯ ಒಂದು ಶೆಡ್ಡಿನಲ್ಲಿ, ವಾರದ ರಜೆಯ ದಿನ. ಮಾಲೀಕನ ಪರಿಚಯದವರ ವರ್ಕ್‌ಶಾಪು. ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತರು, ಅಳಿಯ ಎಲ್ಲಿ ಕಣ್ಣು ಬಿಟ್ಟುಬಿಡುತ್ತಾನೋ ಎಂದು ಕಾವಲಿಗೆ. ಹೀರೋ ಗೋಡೆಯ ಕಡೆ ಮುಖ ಮಾಡಿ ಕೈ ಕಟ್ಟಿ ನಿಂತ. ಮೇಷ್ಟ್ರು ಬೆಂಚಿನ ಪಕ್ಕ ನಿಲ್ಲಿಸಿದ ಹಾಗೆ ಕಾಣುತ್ತಿದ್ದ. ಭಾಯ್ ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಕ್ಯಾಮೆರಾ ಹಾಕಿದ.

ಮುದುಕ ಶುರು ಮಾಡಿದ. ನಾನು ಬರೆದದ್ದರಲ್ಲಿ ಒಂದನ್ನೂ ಮಾಡಲಿಲ್ಲ. ಏನೂ ಇಲ್ಲದ ಕಡೆಯಿಂದ ಎದೆಗೆ ಪೆಟ್ಟು ಬಿತ್ತು, ಎರಡು ಹೆಜ್ಜೆ ಹಿಂದಕ್ಕೆ ಹೋದ. ಹೀರೋನ ಬೆನ್ನನ್ನು ನೋಡಿದ, ಆ ಬೆನ್ನಿಗೆ ನಿಜವಾಗಿಯೂ ಏನೋ ಇದೆ ಎಂದು ನನಗೂ ಅನಿಸುವ ಹಾಗೆ ನೋಡಿದ. ಮತ್ತೊಂದು ಪೆಟ್ಟು, ಕಂಬಕ್ಕೆ ಹೋಗಿ ಬಿದ್ದ. ಅರಚುತ್ತಾನೆ ಎಂದು ಎಲ್ಲರೂ ಕಾದೆವು, ಅವನು ಅರಚಲೇ ಇಲ್ಲ. ಮಂಡಿಯೂರಿದ. ಬಲಗೈಯಿಂದ ನೆಲವನ್ನು ತಡವಿದ, ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವವರ ಹಾಗೆ. ಅದು ಸಿಗಲಿಲ್ಲ. ಸಿಗಲಿಲ್ಲ ಎಂದು ಗೊತ್ತಾದದ್ದು ಮೊದಲು ಕೈಗೆ, ಆಮೇಲೆ ಮುಖಕ್ಕೆ. ಹಾಗೇ ಪಕ್ಕಕ್ಕೆ ವಾಲಿ ಮಲಗಿದ. ಎದೆ ಏರಿಳಿಯುವುದೂ ಕಾಣಲಿಲ್ಲ. ನನಗೆ ಭಯವಾಗಿ ಎದ್ದುನಿಂತೆ. ಬಾಗಿಲಲ್ಲಿದ್ದ ಅತ್ತೆಯ ಬಾಯಿ ಜಗಿಯುವುದನ್ನು ಬಿಟ್ಟಿತ್ತು.

ಆಗ ಗೋಡೆಯ ಕಡೆಯಿಂದ ಹೀರೋ ಕೇಳಿದ, "ಮುಗೀತಾ? ತಿರುಗ್ಲಾ?"

ಅವನ ಬಾಯಿಗೆ ಅದೇ ಸ್ಯಾಟಿನ್ ತುರುಕಬೇಕು ಅನಿಸಿತು.

ಅಷ್ಟರಲ್ಲಿ ಅತ್ತೆಗೆ ಜ್ಞಾನ ಬಂತು. "ಅಯ್ಯಯ್ಯೋ, ಕ್ಯಾಮೆರಾ ಆಫ್ ಮಾಡ್ಬ್ಯಾಡ್ವೋ! ಸತ್ತ ಪಾರ್ಟು ಮಾಡ್ದೋರು ಅದೇ ಜಾಗದಲ್ಲಿ ಎದ್ದು ನಗಬೇಕು, ಇಲ್ದಿದ್ರೆ ಕೇಡು. ಎದ್ದೇಳಿ ಯಜಮಾನ್ರೇ, ನಗಿ" ಎಂದರು. ಸಿನಿಮಾದವರೂ ಹೀಗೆ ಮಾಡುತ್ತಾರೆ, ಹೆಣದ ಪಾತ್ರ ಮಾಡಿದವನನ್ನು ನಗಿಸಿ ಒಂದು ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ, ಅದನ್ನು ಯಾರೂ ತೋರಿಸುವುದಿಲ್ಲ. ಮುದುಕ ತಕರಾರಿಲ್ಲದೆ ಎದ್ದು ಕೂತು, ಕ್ಯಾಮೆರಾ ನೋಡಿ ಬಾಯ್ತುಂಬ ನಕ್ಕ. ಮುಂದಿನ ಎರಡು ಹಲ್ಲು ಇರಲಿಲ್ಲ. ಕೈ ಬೇರೆ ಮುಗಿದ.

ಮುಂದಿನ ಭಾನುವಾರ ಸಂಜೆ ತುಮಕೂರಿನಲ್ಲಿ ಕೊನೆಯ ಕಂತು ಬಂತು. ನಮ್ಮಲ್ಲಿದ್ದ ಏರ್ಪಾಡು ಏನೆಂದರೆ, ಒಂದೇ ಕ್ಯಾಸೆಟ್ಟು. ಭಾನುವಾರ ಇಲ್ಲಿ ಹಾಕಿ, ಸೋಮವಾರ ಬಸ್ಸಿಗೆ ಕೊಟ್ಟು ಗುಬ್ಬಿಯ ಕೇಬಲ್‌ನವರಿಗೆ ಕಳಿಸುವುದು, ಮಂಗಳವಾರ ಕುಣಿಗಲ್ಲಿಗೆ. ಮಾಲೀಕನ ಮನೆಯಲ್ಲಿ ನಾವೆಲ್ಲ ನೋಡುತ್ತ ಕೂತಿದ್ದೆವು, ಮುದುಕನೂ ಬಂದಿದ್ದ. ಸಾವು ಬಂತು. ಇಡೀ ಸೀರಿಯಲ್ಲಿನಲ್ಲಿ ಮಾನವಾಗಿದ್ದದ್ದು ಅದೊಂದೇ. ನನ್ನ ಕಣ್ಣೂ ಒದ್ದೆಯಾಯಿತು, ಇದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಮರುಗಳಿಗೆಯಲ್ಲೇ ಸತ್ತವನು ಎದ್ದು ಕೂತು ಹಲ್ಲಿಲ್ಲದ ಬಾಯಿ ತೆರೆದು ನಕ್ಕ! ಸುತ್ತಲೂ ತಾವರೆಯ ದಳಗಳು ಅರಳಿದವು. ಮುಗಿದ ಕೈಯ ಮೇಲೆ ಗುಲಾಬಿ ಪಕಳೆ ಸುರಿದವು. ಮದುವೆ ಕ್ಯಾಸೆಟ್ಟಿನ ಕೊನೆಗೆ ಗಂಡು ಹೆಣ್ಣಿಗೆ ಹಾಕುತ್ತಾರಲ್ಲ, ಅದೇ ಎಫೆಕ್ಟು.

ನಾನು ಭಾಯ್ ಕಾಲರ್ ಹಿಡಿಯುವುದೊಂದು ಬಾಕಿ. "ಅದನ್ನು ಯಾಕಯ್ಯಾ ಬಿಟ್ಟೆ?"

"ಸಾರ್, ಕ್ಯಾಮೆರಾ ನೋಡಿ ನಕ್ಕಿರೋದನ್ನ ಕಟ್ ಮಾಡೋಕೆ ಆಗುತ್ತಾ? ಮದುವೇಲಿ ಒಬ್ರ ನಗು ಕಟ್ ಆದ್ರೂ ಬೀಗರು ಅಂಗಡಿಗೇ ಬಂದು ಜಗಳ ಆಡ್ತಾರೆ. ನನ್ ಸರ್ವೀಸಲ್ಲೇ ಒಂದು ನಗು ಕಟ್ ಮಾಡಿಲ್ಲ ಸಾರ್."

ಅತ್ತೆಗೆ ಮಾತ್ರ ತಾವರೆ ಬಹಳ ಇಷ್ಟವಾಗಿತ್ತು. ಮುದುಕ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟುಹೋದ. ಪಾಪ, ಮರ್ಯಾದೆ ಹೋಯಿತೆಂದು ನೊಂದುಕೊಂಡ ಎಂದು ನಾನು ತಿಳಿದೆ.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಭಾಯ್ ಹತ್ತಿರ ಹೋಗಿ ಕೂತೆ. ಗುಬ್ಬಿಗೆ ಹೋಗುವ ಮುಂಚೆ ಆ ನಗು ಹೋಗಬೇಕು, ಮುದುಕನ ಹೆಂಡತಿ ನೋಡುವುದು ಬರೀ ಸಾವನ್ನು ಎಂದು ಪಟ್ಟು ಹಿಡಿದೆ. ಭಾಯ್ ಗೊಣಗುತ್ತ ಕ್ಯಾಸೆಟ್ ಹಾಕಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮುದುಕ, ಬಾಗಿಲು ಹಿಡಿದುಕೊಂಡು ನಿಂತಿದ್ದ.

"ತೆಗೀಬ್ಯಾಡಿ ಸಾಮಿ. ನಗು ತೆಗೀಬ್ಯಾಡಿ."

"ನಿಮ್ಮ ಮಾನ ಉಳಿಸೋಕೇ ಯಜಮಾನ್ರೇ ನಾನು ಬೆಳಿಗ್ಗೆನೇ ಬಂದಿರೋದು."

"ಮಾನ ತಕಂಡು ಏನ್ ಮಾಡ್ಲಿ? ರಾತ್ರಿ ಅವ್ಳಿಗೆ ಹೇಳ್ದೆ, ನಾನು ಪಕ್ಕದಲ್ಲೇ ಕುಂತಿರ್ತೀನಿ ಕಣೇ, ಒಂದ್ ಸಲ ನೋಡು ಅಂತ. ಒಲ್ಲೆ ಅಂದ್ಳು. ಪಕ್ಕದಲ್ಲಿ ಕುಂತ್ರೂ ಅಲ್ಲಿ ಬಿದ್ದಿರೋದು ನೀವೇ ಅಲ್ವಾ ಅಂದ್ಳು. ಆಮ್ಯಾಕೆ ಎದ್ದು ನಗ್ತೀನಿ ಕಣೇ, ಅದ್ನೂ ತೋರುಸ್ತಾರೆ ಅಂದೆ. ಹಂಗಾದ್ರೆ ನೋಡ್ತೀನಿ ಅಂದವ್ಳೆ."

ಭಾಯ್ ನನ್ನ ಕಡೆ ನೋಡಿದ. ಅವನ ಮುಖದಲ್ಲಿದ್ದ ಗೆಲುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಯಾಸೆಟ್ಟನ್ನು ಹಾಗೆಯೇ ತೆಗೆದು ಡಬ್ಬಕ್ಕೆ ಹಾಕಿ ಮುದುಕನ ಕೈಗೆ ಕೊಟ್ಟ. ಆವತ್ತು ಅದನ್ನು ಬಸ್ಸಿನ ಕಂಡಕ್ಟರಿಗೆ ಒಪ್ಪಿಸಲಿಲ್ಲ. ಮುದುಕ ಪಂಚೆಯ ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತ, ನಾನು ಅವನ ಪಕ್ಕ ಕೂತೆ. ನಾನೇಕೆ ಹೋದೆ ಎಂದು ಯಾರೂ ಕೇಳಲಿಲ್ಲ.

ಗುಬ್ಬಿಯಲ್ಲಿ ಅವರದು ಒಂದು ಅಂಕಣದ ಬಾಡಿಗೆ ಮನೆ. ದಾರಿಯಲ್ಲೇ ಕ್ಯಾಸೆಟ್ಟು ಕೊಟ್ಟು ಬಂದಿದ್ದೆವು, ಮಧ್ಯಾಹ್ನ ಊಟವಾದ ಮೇಲೆ ಹಾಕುತ್ತೇನೆಂದು ಕೇಬಲ್‌ನವನು ಹೇಳಿದ್ದ. ಆಕೆ ಸಣ್ಣಗೆ, ನೆಟ್ಟಗೆ ಇದ್ದ ಹೆಂಗಸು. ನನಗೆ ಕಾಫಿ ಕೊಟ್ಟು ಚಾಪೆ ಹಾಸಿದಳು. ಸೀರಿಯಲ್ ಶುರುವಾಯಿತು, ನವಿಲು ಹಾರಿತು, ಹೀರೋ ಮಾತಾಡಿದ. ಶೆಡ್ಡಿನ ದೃಶ್ಯ ಬರುತ್ತಿದ್ದ ಹಾಗೆ ಅವಳ ಕೈ ತಾನಾಗಿ ತಾಳಿಗೆ ಹೋಯಿತು. ಎದ್ದೇಬಿಟ್ಟಳು ಎಂದುಕೊಂಡೆ. ಏಳಲಿಲ್ಲ. ಇನ್ನೊಂದು ಕೈಯಲ್ಲಿ ಗಂಡನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಟೀವಿಯಲ್ಲಿ ಅವನು ನೆಲ ತಡವುತ್ತಿದ್ದಾಗ ಅವಳ ಬೆರಳುಗಳು ಬೆಳ್ಳಗಾಗಿದ್ದವು. ಮುದುಕ ಟೀವಿ ನೋಡಲೇ ಇಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಸತ್ತ. ಅವಳು ಉಸಿರು ಹಿಡಿದು ಕಾದಳು. ಆಮೇಲೆ ಎದ್ದು ನಕ್ಕ, ತಾವರೆ ಅರಳಿತು, ಅವಳ ಉಸಿರೂ ಬಂತು.

ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೊದಲು ನನ್ನನ್ನು ಕೇಳಿದಳು, "ಆ ಗ್ವಾಡೆ ಕಡೆ ತಿರುಕ್ಕೊಂಡು ಗೂಟದಂಗೆ ನಿಂತಿತ್ತಲ್ಲ, ಅದ್ಯಾರಪ್ಪಾ ಬರೆದಿದ್ದು ಅಂಗೆ?"

"ಯಾರೋ ತಲೆಕೆಟ್ಟವನು" ಎಂದೆ.

ಆಮೇಲೆ ಗಂಡನ ಕಡೆ ತಿರುಗಿದಳು. ಕೈ ಇನ್ನೂ ಬಿಟ್ಟಿರಲಿಲ್ಲ. "ಇಷ್ಟು ವರ್ಸವೂ ಇಂಗೇ ಸಾಯ್ತಿದ್ರಾ?"

"ಹೂಂ ಕಣೇ."

"ಎದ್ದು ನಗ್ತೀನಿ ಅಂತ ಒಂದ್ ಮಾತು ಮೊದ್ಲೇ ಹೇಳಿದ್ರೆ, ಎಲ್ಲಾ ನಾಟ್ಕಾನೂ ಕುಂತು ನೋಡ್ತಿದ್ನಲ್ಲ."

ಮುದುಕ ಅವಳ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟ. "ಆಗ್ಲೂ ಎದ್ದು ನಗ್ತಿದ್ವಿ ಕಣೇ, ದಿನಾಲೂ" ಎಂದ. "ಪರದೆ ಬಿದ್ಮ್ಯಾಲೆ ಒಳಗಡೆ ನಗ್ತಿದ್ವಿ. ಹೊರಗಡೆ ಇದ್ದೋರಿಗೆ ಕಾಣ್ತಿರ್ಲಿಲ್ಲ."